ಟ್ರಂಕಿನೊಳಗಿನ ಎಂಪ್ಲಾಯ್‌ಮೆಂಟ್ ಕಾರ್ಡು ಮತ್ತು ಮಂಗಳೂರಿನ ಒಬ್ಬ ಪತ್ರಕರ್ತ

ನಿಮ್ಮ ಮನೆಯಲ್ಲಿ ಐವತ್ತು ದಾಟಿದ ಪದವೀಧರರು ಯಾರಾದರೂ ಇದ್ದರೆ ಅವರ ಹಳೆಯ ಟ್ರಂಕು ತೆಗೆಸಿ ನೋಡಿ. ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಪ್ರಮಾಣಪತ್ರಗಳ ನಡುವೆ ಮಡಿಕೆ ಬಿದ್ದ ಒಂದು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡು ಇರಬಹುದು. ಹೆಸರು, ನೋಂದಣಿ ಸಂಖ್ಯೆ, ರಿನ್ಯೂವಲ್ ತಾರೀಖು, ಪಕ್ಕದಲ್ಲೊಂದು ಸೀಲು. ಅದನ್ನು ಮಾಡಿಸಲು ಬೆಳಗಿನ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತದ್ದು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ‘ಆ ಕಾರ್ಡಿನಿಂದ ಕೆಲಸ ಸಿಕ್ಕಿತಾ?’ ಎಂದು ಕೇಳಿ. ಸಿಕ್ಕಿತು ಎನ್ನುವವರೂ ಇದ್ದಾರೆ, ಸುಮ್ಮನೆ ನಕ್ಕುಬಿಡುವವರೂ ಇದ್ದಾರೆ.

ಆ ಕಾರ್ಡಿಗೆ ಒಂದು ಚರಿತ್ರೆ ಇದೆ. ಅದಕ್ಕೊಬ್ಬ ತಮ್ಮನೂ ಇದ್ದಾನೆ, ಅವನ ಹೆಸರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ: ‘ವಿಶ್ವವಿದ್ಯಾನಿಲಯ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ’. ಇದು ವಿಶ್ವವಿದ್ಯಾನಿಲಯದ ಒಳಗೇ ಇರುವ ಕಚೇರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದೆ, ಬೇರೆ ಹಳೆಯ ವಿಶ್ವವಿದ್ಯಾನಿಲಯಗಳಲ್ಲೂ ಇದೆ. ಓದು ಮುಗಿಸಿದವರಿಗೆ ಯಾವ ಯಾವ ಕೆಲಸಗಳಿವೆ, ಅವಕ್ಕೆ ಹೇಗೆ ಅರ್ಜಿ ಹಾಕಬೇಕು, ಯಾವ ಓದು ಯಾವ ದಾರಿಗೆ ಒಯ್ಯುತ್ತದೆ ಎಂದು ಹೇಳುವುದೇ ಇದರ ಕೆಲಸ. ಇಂಥ ಕಚೇರಿ ಬೇಕು ಎಂದು ಮೊದಲು ಯಾರಿಗೆ ಹೊಳೆಯಿತು? ವಿದ್ಯಾರ್ಥಿಗಳನ್ನು ಮುಟ್ಟಲು ಅದು ಏನೇನು ಮಾಡಿತು? ನಮ್ಮ ಊರಿನ ತನಕ ಯಾಕೆ ಬರಲಿಲ್ಲ? ಹುಡುಕುತ್ತಾ ಹೋದರೆ ಕತೆ ದೊಡ್ಡದಿದೆ.

ಮೊದಲು ಇಂಗ್ಲೆಂಡಿಗೆ ಹೋಗಿ ಬೇಗ ಬಂದುಬಿಡೋಣ. 1892ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ‘ಅಪಾಯಿಂಟ್‌ಮೆಂಟ್ಸ್ ಕಮಿಟಿ’ ಎಂಬುದು ಹುಟ್ಟಿತು. 1899ರಲ್ಲಿ ಕೇಂಬ್ರಿಡ್ಜ್‌ನಲ್ಲೂ ಅಂಥದ್ದೇ ಒಂದು ಸಂಘವಾಯಿತು, 1902ರಲ್ಲಿ ಅದು ವಿಶ್ವವಿದ್ಯಾನಿಲಯದ್ದೇ ಮಂಡಳಿಯಾಯಿತು. ಅದಕ್ಕೆ ಮುಂಚೆ ಅಲ್ಲಿ ಪದವೀಧರನಿಗೆ ಕೆಲಸ ಸಿಗುತ್ತಿದ್ದ ಬಗೆ ಸರಳ: ಅಪ್ಪನಿಗೆ ಪರಿಚಯದವರು ಇರಬೇಕು, ಇಲ್ಲವೇ ಪ್ರೊಫೆಸರು ತಮ್ಮ ಸ್ನೇಹಿತರಿಗೆ ಒಂದು ಪತ್ರ ಕೊಡಬೇಕು. ನಮ್ಮ ಕಡೆ ವಶೀಲಿ ಅನ್ನುತ್ತೇವಲ್ಲ, ಅದಕ್ಕೇ ಇಸ್ತ್ರಿ ಹಾಕಿದ ರೂಪ. ಕಮಿಟಿ ಆ ಪತ್ರಗಳನ್ನೆಲ್ಲ ಒಂದು ಕಚೇರಿಗೆ ತಂದಿತು. ಯಾವ ಶಾಲೆಗೆ ಮೇಷ್ಟ್ರು ಬೇಕು, ಯಾವ ಕಂಪನಿಗೆ ಹುಡುಗರು ಬೇಕು ಎಂಬುದು ಒಂದು ಕಡೆ ಗೊತ್ತಾಗತೊಡಗಿತು. ಇದು ಸಣ್ಣ ಸುಧಾರಣೆ ಅಲ್ಲ. ಆದರೆ ಅಲ್ಲಿಗೆ ಓದಲು ಬರುತ್ತಿದ್ದವರೇ ಉಳ್ಳವರ ಮಕ್ಕಳು, ಆದ್ದರಿಂದ ಕಚೇರಿ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಹುಡುಕಿಕೊಂಡು ಹೋದವನು ಅಮೆರಿಕದ ಬಾಸ್ಟನ್ ನಗರದಲ್ಲಿದ್ದ. ಹೆಸರು ಫ್ರಾಂಕ್ ಪಾರ್ಸನ್ಸ್. ಇವನ ಬದುಕೇ ಒಂದು ಪಾಠದಂತಿದೆ. 1854ರಲ್ಲಿ ಹುಟ್ಟಿದ, ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1873ರಲ್ಲಿ ಹೊರಬಂದ. ಅದೇ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಕೆಲಸ ಕೊಟ್ಟಿದ್ದ ರೈಲು ಕಂಪನಿ ಮುಳುಗಿತು. ಎಂಜಿನಿಯರು ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿಯಾದ. ಆಮೇಲೆ ಶಾಲೆ ಮೇಷ್ಟ್ರು, ಆಮೇಲೆ ವಕೀಲ, ಕಾನೂನು ಕಾಲೇಜಿನಲ್ಲಿ ಉಪನ್ಯಾಸಕ, ಪುಸ್ತಕ ಬರೆಯುವವ. 1895ರಲ್ಲಿ ಬಾಸ್ಟನ್ ಮೇಯರ್ ಚುನಾವಣೆಗೂ ನಿಂತು ಸೋತ. ತನಗೆ ಯಾವ ಕೆಲಸ ಸರಿ ಎಂದು ಅರ್ಧ ಆಯುಷ್ಯ ಹುಡುಕಿದ ಮನುಷ್ಯ ಕೊನೆಗೆ ಬೇರೆಯವರಿಗೆ ಅದನ್ನು ಹುಡುಕಿಕೊಡಲು ಕೂತ.

ಕೂತದ್ದು ಎಲ್ಲಿ ಎಂಬುದು ಮುಖ್ಯ. ವಿಶ್ವವಿದ್ಯಾನಿಲಯದಲ್ಲಲ್ಲ. ಬಾಸ್ಟನ್ನಿನ ನಾರ್ತ್ ಎಂಡ್ ಎಂಬ ಕೇರಿಯಲ್ಲಿ, ಇಟಲಿಯಿಂದಲೋ ಪೂರ್ವ ಯುರೋಪಿನಿಂದಲೋ ಹಡಗಿನಲ್ಲಿ ಬಂದಿಳಿದ ಬಡವರು ತುಂಬಿದ್ದ ಜಾಗದಲ್ಲಿ, ‘ಸಿವಿಕ್ ಸರ್ವಿಸ್ ಹೌಸ್’ ಎಂಬ ಸೇವಾ ಕೇಂದ್ರವಿತ್ತು. ಹಗಲು ದುಡಿದು ಬಂದವರಿಗೆ ಅಲ್ಲಿ ಸಂಜೆ ತರಗತಿಗಳು ನಡೆಯುತ್ತಿದ್ದವು. 1908ರ ಜನವರಿಯಲ್ಲಿ ಅಲ್ಲೇ ‘ವೊಕೇಶನ್ ಬ್ಯೂರೊ’ ಶುರುವಾಯಿತು. ಬಂದವರನ್ನು ಕೂರಿಸಿಕೊಂಡು ಪಾರ್ಸನ್ಸ್ ಪ್ರಶ್ನೆಗಳನ್ನು ಕೇಳುತ್ತಿದ್ದ. ಒಂದೆರಡಲ್ಲ, ನೂರಕ್ಕೂ ಹೆಚ್ಚು. ನೀನು ಏನು ಓದಿದ್ದೀಯ, ಬಿಡುವಿನಲ್ಲಿ ಏನು ಮಾಡುತ್ತೀಯ, ನಿನ್ನ ಕೈ ಯಾವುದರಲ್ಲಿ ಪಳಗಿದೆ, ಮನೆಯಲ್ಲಿ ಎಷ್ಟು ಜನ, ದೇಹಸ್ಥಿತಿ ಹೇಗಿದೆ. ಇದರ ಜೊತೆಗೆ ಬೇರೆ ಬೇರೆ ಕಸುಬುಗಳಲ್ಲಿ ಸಂಬಳ ಎಷ್ಟು, ಬೇಡಿಕೆ ಎಷ್ಟು, ಕಲಿಯಲು ಎಷ್ಟು ಕಾಲ ಬೇಕು ಎಂಬ ವಿವರಗಳನ್ನೂ ಕಲೆಹಾಕಿ ಇಟ್ಟಿದ್ದ. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ತಾಳೆ ಹಾಕು. ಅವನ ಲೆಕ್ಕ ಇಷ್ಟೇ.

ಡಾಕ್ಟರಾಗುತ್ತೇನೆ ಎಂದು ಬಂದ ಒಬ್ಬ ಬಡಕಲು ಹುಡುಗನ ಪ್ರಸಂಗವನ್ನು ಅವನು ಬರೆದಿದ್ದಾನೆ. ಯಾಕೆ ಡಾಕ್ಟರು ಎಂದರೆ ಹುಡುಗನಲ್ಲಿ ಗಟ್ಟಿ ಉತ್ತರವಿರಲಿಲ್ಲ. ಪಾರ್ಸನ್ಸ್ ಬೈಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆ ವೃತ್ತಿಯಲ್ಲಿರುವ ಪೈಪೋಟಿಯನ್ನು ಬಿಡಿಸಿ ಹೇಳಿ, ಬಯಲಿನಲ್ಲಿ ಮಾಡುವ ಕೆಲಸಗಳನ್ನೂ ಒಮ್ಮೆ ಹೋಗಿ ನೋಡಿ ಬಾ, ದನ ಸಾಕುವ ಜಾಗಗಳಿಗೂ ಹೋಗು ಎಂದು ಕಳಿಸಿದ. ಅವನ ಪದ್ಧತಿಯಲ್ಲಿ ಇಂದು ನಾವು ಒಪ್ಪದ ಸಂಗತಿಗಳೂ ಇದ್ದವು. ಮುಖ ನೋಡಿ, ಕೈಕುಲುಕುವ ರೀತಿ ನೋಡಿ ಮನುಷ್ಯನನ್ನು ಅಳೆಯುತ್ತಿದ್ದ. ಅದನ್ನು ಬಿಟ್ಟು ನೋಡಿದರೆ, ಓದಿದ ಒಬ್ಬ ಮನುಷ್ಯ ಕೇರಿಗೆ ಬಂದು ಬಡವರ ಮಕ್ಕಳ ಎದುರು ಗಂಟೆಗಟ್ಟಲೆ ಕೂತ ಎಂಬುದೇ ಹೊಸದು. ಬ್ಯೂರೊ ತೆರೆದ ವರ್ಷವೇ, ಸೆಪ್ಟೆಂಬರಿನಲ್ಲಿ, ಪಾರ್ಸನ್ಸ್ ತೀರಿಕೊಂಡ. ಅವನ ಪುಸ್ತಕ ಮರುವರ್ಷ ಅಚ್ಚಾಯಿತು. 1911ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಈ ವಿಷಯವನ್ನೇ ಪಾಠವಾಗಿ ಇಟ್ಟಿತು. ಪಾಠ ಹೇಳಿದವನು ಪಾರ್ಸನ್ಸ್‌ನ ಜೊತೆಗಾರ ಮೇಯರ್ ಬ್ಲೂಮ್‌ಫೀಲ್ಡ್, ತಾನೂ ವಲಸೆ ಬಂದವನೇ. ಕೆರಿಯರ್ ಗೈಡೆನ್ಸ್ ಎಂದು ಇಂದು ಕಾಲೇಜುಗಳು ಹೇಳುವ ವಿದ್ಯೆ ಕೇರಿಯಿಂದ ವಿಶ್ವವಿದ್ಯಾನಿಲಯಕ್ಕೆ ಹೋದದ್ದು. ಅದು ತಿರುಗಿ ಕೇರಿಗೆ ಬರುವ ದಾರಿ ಮಾತ್ರ ಬಹಳ ಉದ್ದವಾಯಿತು.

ಇನ್ನು ನಮ್ಮ ದೇಶ. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು 1857ರಲ್ಲೇ ಹುಟ್ಟಿದವು. ಮೈಸೂರಿನದು 1916ರಲ್ಲಿ. ಆಗ ಡಿಗ್ರಿ ಎಂದರೆ ಸರ್ಕಾರಿ ಕೆಲಸ, ಬೇರೆ ಲೆಕ್ಕವಿಲ್ಲ. ಆ ಸರ್ಕಾರಿ ಕೆಲಸವೂ ಕೆಲವೇ ಸಮುದಾಯಗಳ ಕೈಯಲ್ಲಿತ್ತು. ಇದರ ಬಗ್ಗೆ ಕೂಗು ಎದ್ದು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು, 1919ರಲ್ಲಿ ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಕೊಡಬೇಕು ಎಂದು ವರದಿ ಬಂದದ್ದು ನಿಮಗೆ ಗೊತ್ತೇ ಇದೆ. ಮೀಸಲಾತಿಯ ಚರ್ಚೆಯಲ್ಲಿ ಮಿಲ್ಲರ್ ಹೆಸರು ಬರುತ್ತದೆ. ಅದರ ಜೊತೆಗೇ ನಡೆದ ಇನ್ನೊಂದು ಕೆಲಸ ಅಷ್ಟಾಗಿ ನೆನಪಾಗುವುದಿಲ್ಲ: ಹಾಸ್ಟೆಲುಗಳು.

1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ, ಸಿದ್ಧಗಂಗೆಯಂಥ ಮಠಗಳು, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ, ಆಮೇಲೆ ಸರ್ಕಾರದ ಹಾಸ್ಟೆಲುಗಳು. ಇವೆಲ್ಲ ಹಳ್ಳಿಯ ಮಕ್ಕಳಿಗೆ ಓದು ಕೊಟ್ಟವು, ಊಟ ಕೊಟ್ಟವು. ಹಾಸ್ಟೆಲುಗಳು ಇನ್ನೂ ಒಂದನ್ನು ಕೊಟ್ಟವು, ಅದನ್ನು ಯಾವ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸುದ್ದಿ. ‘ಆ ಹುದ್ದೆಗೆ ಕರೆದಿದ್ದಾರೆ, ಕೊನೇ ದಿನ ಇಂಥದ್ದು, ಡಿ.ಡಿ. ಹೀಗೆ ತೆಗಿ, ಫಾರಂ ಹೀಗೆ ತುಂಬು’ ಎಂದು ಹಿರಿಯ ಹುಡುಗ ಕಿರಿಯನಿಗೆ ಹೇಳುವ ಜಾಗ ಹಾಸ್ಟೆಲಿನ ಜಗಲಿ. ವಿಶ್ವವಿದ್ಯಾನಿಲಯಗಳ ಉದ್ಯೋಗ ಕೇಂದ್ರಗಳನ್ನೆಲ್ಲ ಒಂದು ತಕ್ಕಡಿಯಲ್ಲಿ, ಹಾಸ್ಟೆಲಿನ ಜಗಲಿಯನ್ನು ಇನ್ನೊಂದರಲ್ಲಿ ಇಟ್ಟರೆ ಯಾವುದು ಹೆಚ್ಚು ತೂಗೀತು ಎಂದು ನಮಗೆ ಅನುಮಾನವೇ ಇಲ್ಲ. ಆದರೆ ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ, ದಿನಾ ಬಸ್ಸಿನಲ್ಲಿ ಓಡಾಡಿ ಓದಿದವರಿಗೆ ಈ ಜಗಲಿ ಇರಲಿಲ್ಲ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

1930ರ ದಶಕದಲ್ಲಿ ಜಗತ್ತಿನಾದ್ಯಂತ ಮುಗ್ಗಟ್ಟು ಬಂತು. ಓದಿದವರಿಗೂ ಕೆಲಸವಿಲ್ಲದ ಸ್ಥಿತಿ. ಉತ್ತರದ ಸಂಯುಕ್ತ ಪ್ರಾಂತದ ಸರ್ಕಾರ 1934ರಲ್ಲಿ ತೇಜ್ ಬಹಾದ್ದೂರ್ ಸಪ್ರು ಅವರ ಸಮಿತಿಗೆ ಈ ನಿರುದ್ಯೋಗದ ವಿಚಾರಣೆಯನ್ನು ಒಪ್ಪಿಸಿತು. ವಿಶ್ವವಿದ್ಯಾನಿಲಯಗಳು ಪರೀಕ್ಷೆ ಮಾಡಿ ಸುಮ್ಮನಾಗಬಾರದು, ಕೆಲಸದ ದಾರಿಯನ್ನೂ ತೋರಿಸಬೇಕು ಎಂಬ ಮಾತು ಇಂಥ ಚರ್ಚೆಗಳಲ್ಲಿ ಗಟ್ಟಿಯಾಯಿತು. ಅದೇ ದಶಕದಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ತನ್ನದೇ ಉದ್ಯೋಗ ಮಾಹಿತಿ ಮಂಡಳಿಯನ್ನು ಮಾಡಿಕೊಂಡಿತು.

ಅದೇ ಹೊತ್ತಿಗೆ ಮೈಸೂರಿನಲ್ಲಿ ಒಬ್ಬ ಪ್ರೊಫೆಸರು ಬೇರೇನೋ ಮಾಡುತ್ತಿದ್ದರು. ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಹೆಸರಾಂತ ವಿಜ್ಞಾನಿಯ ಬಳಿ ಓದಿ ಬಂದಿದ್ದರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯುವ ವಿದ್ಯೆಯಲ್ಲಿ ಸ್ಪಿಯರ್‌ಮನ್ ಮುಂಚೂಣಿಯವರು, ಮುಂದೆ ಕೆರಿಯರ್ ಪರೀಕ್ಷೆಗಳಿಗೆಲ್ಲ ಬುನಾದಿಯಾದದ್ದು ಅದೇ ವಿದ್ಯೆ. ಈ ಗೋಪಾಲಸ್ವಾಮಿಯವರೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವಾಟ್‌ನ ಒಂದು ಪುಟ್ಟ ಯಂತ್ರವಿಟ್ಟು ರೇಡಿಯೊ ಬಿತ್ತರಿಸಿದರು. ಅದರ ಹೆಸರು ‘ಆಕಾಶವಾಣಿ’, ಆಮೇಲೆ ಇಡೀ ದೇಶದ ರೇಡಿಯೊಗೆ ಬಂದ ಹೆಸರು. ಯಾರು ಯಾವುದಕ್ಕೆ ತಕ್ಕವರು ಎಂದು ತಿಳಿಯುವ ಶಾಸ್ತ್ರ, ಮನೆ ಮನೆಗೆ ಮಾತು ಮುಟ್ಟಿಸುವ ಯಂತ್ರ, ಎರಡೂ ಒಬ್ಬರ ಕೈಯಲ್ಲೇ ಇದ್ದವು. ಅವರು ಅವೆರಡನ್ನು ಕೂಡಿಸಿ ಉದ್ಯೋಗದ ಕಾರ್ಯಕ್ರಮ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಸಾಧನಗಳು ನಮ್ಮ ನೆಲದಲ್ಲೇ ಎಷ್ಟು ಬೇಗ ಬಂದಿದ್ದವು ಎಂಬುದನ್ನು ಗಮನಿಸಿ ಎಂದಷ್ಟೇ.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಹಳ್ಳಿಗೆ ಹೋಗುವ ಅಭ್ಯಾಸವೂ ಇತ್ತು. ಪ್ರಚಾರೋಪನ್ಯಾಸ ಎಂದು ಕರೆಯುತ್ತಿದ್ದರು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯಗಳ ಬಗ್ಗೆ ಕನ್ನಡದಲ್ಲಿ ಮಾತಾಡುವುದು, ಆಮೇಲೆ ಅದನ್ನೇ ಸಣ್ಣ ಪುಸ್ತಕವಾಗಿ ಅಚ್ಚು ಹಾಕುವುದು. 1956ರಿಂದ 1960ರವರೆಗೆ ಕುವೆಂಪು ಕುಲಪತಿಗಳಾಗಿದ್ದಾಗ ಕನ್ನಡದಲ್ಲಿ ಜ್ಞಾನ ಹಂಚುವ ಕೆಲಸಕ್ಕೆ ಒತ್ತು ಸಿಕ್ಕಿತು. ಆ ಪುಸ್ತಕಗಳನ್ನು ಹಳೆಯ ಶಾಲೆಗಳ ಬೀರುವಿನಲ್ಲಿ ಇಂದಿಗೂ ಕಾಣಬಹುದು.

ಈಗ ಮಂಗಳೂರಿನ ಪತ್ರಕರ್ತರ ಸರದಿ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಜುಲೈನಲ್ಲಿ, ಬ್ರಿಟಿಷ್ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗದ ಒಂದು ಇಲಾಖೆ ತೆರೆಯಿತು. ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುವುದು ಉದ್ದೇಶ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜುಗಳು ಹುಟ್ಟಿದ್ದು ಹೀಗೆ. ದೇಶ ಇಬ್ಭಾಗವಾದಾಗ ನಿರಾಶ್ರಿತರಿಗೂ ಅವೇ ಆಸರೆಯಾದವು. 1948ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಆದರೂ ಇದು ತಾತ್ಕಾಲಿಕ ವ್ಯವಸ್ಥೆ. ಯುದ್ಧದ ಕೆಲಸ ಮುಗಿಯಿತು, ಇನ್ನು ಮುಚ್ಚೋಣವೇ, ಉಳಿಸೋಣವೇ? ಇದನ್ನು ತೀರ್ಮಾನಿಸಲು 1952ರಲ್ಲಿ ಒಂದು ಸಮಿತಿಯಾಯಿತು. ಅಧ್ಯಕ್ಷರು ಬೆನೆಗಲ್ ಶಿವರಾವ್.

1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾಯರು, ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಬೆನೆಗಲ್ ರಾಮರಾಯರು ಇವರ ಅಣ್ಣತಮ್ಮಂದಿರು. ಶಿವರಾಯರದು ಮಾತ್ರ ಬೇರೆ ದಾರಿ. ಮದರಾಸಿನಲ್ಲಿ ಕಾರ್ಮಿಕ ಚಳವಳಿಯ ಜೊತೆಗಿದ್ದರು. ಭಾರತದ ಕಾರ್ಖಾನೆ ಕಾರ್ಮಿಕರ ಸ್ಥಿತಿಗತಿ ಕುರಿತು 1939ರಲ್ಲಿ ಪುಸ್ತಕ ತಂದರು. ದೆಹಲಿಯಿಂದ ‘ದಿ ಹಿಂದೂ’ ಪತ್ರಿಕೆಗೆ, ಇಂಗ್ಲೆಂಡಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ಗೆ ವರದಿ ಮಾಡಿದರು. ಸಂವಿಧಾನ ಸಭೆಯ ಸದಸ್ಯರಾದರು, 1952ರ ಮೊದಲ ಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದರು. ನಮ್ಮಂತೆ ಪತ್ರಿಕೋದ್ಯಮ ಓದಿದವರಿಗೆ ಶಿವರಾಯರ ಹೆಸರನ್ನು ಕ್ಲಾಸಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ, ಇರಲಿ.

ಅವರ ಸಮಿತಿ 1954ರಲ್ಲಿ ವರದಿ ಕೊಟ್ಟಿತು. ಎಕ್ಸ್‌ಚೇಂಜುಗಳು ಕಾಯಂ ಆಗಿ ಉಳಿಯಬೇಕು, ದಿನನಿತ್ಯದ ಆಡಳಿತ ರಾಜ್ಯಗಳಿಗೆ ಹೋಗಬೇಕು, ಖಾಲಿ ಹುದ್ದೆಗಳನ್ನು ಸಂಸ್ಥೆಗಳು ಕಡ್ಡಾಯವಾಗಿ ತಿಳಿಸಬೇಕು. ಇವು ಮೂರೂ ಜಾರಿಗೆ ಬಂದವು. ಆಡಳಿತ ರಾಜ್ಯಗಳಿಗೆ ಬಂದದ್ದು 1956ರ ನವೆಂಬರ್ 1ರಂದು. ಹೌದು, ಕನ್ನಡನಾಡು ಒಂದಾದ ದಿನವೇ. ಇವುಗಳ ಜೊತೆಗೆ ಸಮಿತಿ ಇನ್ನೊಂದು ವಿಷಯವನ್ನೂ ಎತ್ತಿತ್ತು, ನಮ್ಮ ಕತೆಗೆ ಅದೇ ಮುಖ್ಯ: ಹೆಸರು ಬರೆದುಕೊಂಡು ಸೀಲು ಹಾಕಿದರೆ ಸಾಲದು, ಓದುವವರಿಗೆ ಮಾರ್ಗದರ್ಶನವೂ ಬೇಕು. ಆ ಬೀಜದಿಂದಲೇ ಮುಂದೆ ಎಕ್ಸ್‌ಚೇಂಜುಗಳಲ್ಲಿ ಮಾರ್ಗದರ್ಶನ ವಿಭಾಗಗಳು ಬಂದವು. ವಿಶ್ವವಿದ್ಯಾನಿಲಯಗಳಲ್ಲಿ ಉದ್ಯೋಗ ಮಾಹಿತಿ ಕೇಂದ್ರಗಳೂ ಬಂದವು. ಕೇಂದ್ರದ ರಚನೆಯಲ್ಲಿ ಒಂದು ಜಾಣತನವಿತ್ತು. ಮುಖ್ಯಸ್ಥರು ವಿಶ್ವವಿದ್ಯಾನಿಲಯದ ಪ್ರೊಫೆಸರು, ಉಪಮುಖ್ಯಸ್ಥರು ಸರ್ಕಾರದ ಉದ್ಯೋಗ ಇಲಾಖೆಯ ಅಧಿಕಾರಿ. ಒಬ್ಬರಿಗೆ ವಿದ್ಯಾರ್ಥಿ ಗೊತ್ತು, ಇನ್ನೊಬ್ಬರಿಗೆ ಹುದ್ದೆ ಗೊತ್ತು. ನೋಟಿಸ್ ಬೋರ್ಡು, ಮಾಹಿತಿ ಪುಸ್ತಿಕೆ, ಉಪನ್ಯಾಸ, ಸ್ನಾತಕೋತ್ತರ ಪದವೀಧರರ ನೋಂದಣಿ. ಆ ಕಾಲಕ್ಕೆ ಇದು ಒಳ್ಳೆಯ ಯೋಚನೆಯೇ.

ಎಡವಿದ್ದು ಎಲ್ಲಿ? ಕೇಂದ್ರ ಇದ್ದದ್ದು ವಿಶ್ವವಿದ್ಯಾನಿಲಯದ ಆವರಣದಲ್ಲಿ. ಡಿಗ್ರಿ ಓದುವವರು ಇದ್ದದ್ದು ತಾಲ್ಲೂಕಿನ ಕಾಲೇಜುಗಳಲ್ಲಿ. ಚಾಮರಾಜನಗರದ ಕಡೆಯ ಹುಡುಗಿ ತನ್ನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮನೆಗೆ ಹೋದಳು ಎಂದರೆ ಮಾನಸಗಂಗೋತ್ರಿಯ ಆ ನೋಟಿಸ್ ಬೋರ್ಡನ್ನು ಅವಳು ಒಮ್ಮೆಯೂ ನೋಡಿರುವುದಿಲ್ಲ. ಕೇಂದ್ರ ಇದೆ ಎಂದು ಗೊತ್ತಾಗಲೂ ಒಬ್ಬರು ಪರಿಚಯದವರು ಬೇಕು. ಮತ್ತೆ ಆಕ್ಸ್‌ಫರ್ಡಿನ ಕತೆಯೇ ಆಯಿತು.

ಇಲ್ಲಿ ಒಂದು ಹೋಲಿಕೆ ಮಾಡದೆ ಮುಂದೆ ಹೋಗಲಾರೆವು. ನಮ್ಮ ಊರುಗಳಿಗೆ ಬೇರೊಂದು ವಿಶ್ವವಿದ್ಯಾನಿಲಯ ಚೆನ್ನಾಗಿ ಗೊತ್ತು, ಅದು ಕೃಷಿ ವಿಶ್ವವಿದ್ಯಾನಿಲಯ. ಬೆಂಗಳೂರಿನದು 1964ರಲ್ಲಿ ಶುರುವಾಯಿತು, ಧಾರವಾಡದ್ದು 1986ರಲ್ಲಿ. ಹೊಸ ತಳಿ ಬಂದರೆ ಅವರು ಹೊಲಕ್ಕೆ ಬರುತ್ತಾರೆ, ಪ್ರಾತ್ಯಕ್ಷಿಕೆ ತಾಕು ಮಾಡುತ್ತಾರೆ. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಹಳ್ಳಿಯಲ್ಲೇ ಬಂದು ತಂಗುತ್ತಾರೆ, ನಿಮ್ಮ ಊರಿಗೂ ಬಂದಿರಬಹುದು. ಕೃಷಿ ಮೇಳಕ್ಕೆ ನಾವೆಲ್ಲ ಗಾಡಿ ಕಟ್ಟಿಕೊಂಡು ಹೋಗುತ್ತೇವೆ. ಧಾರವಾಡದಲ್ಲಂತೂ 2007ರಿಂದ ವಿಶ್ವವಿದ್ಯಾನಿಲಯದ್ದೇ ಸಮುದಾಯ ರೇಡಿಯೊ ಇದೆ. ಇದಕ್ಕೆಲ್ಲ ‘ವಿಸ್ತರಣೆ’ ಎಂದು ಹೆಸರು, ಅದಕ್ಕೆಂದೇ ವಿಭಾಗ, ಪ್ರೊಫೆಸರು, ಹಣ ಎಲ್ಲ ಇವೆ. ಸಂಶೋಧನೆ ಮಾಡಿದ್ದು ರೈತನಿಗೆ ಮುಟ್ಟದಿದ್ದರೆ ಅರ್ಧ ಕೆಲಸ ಎಂದು ಅವರು ಒಪ್ಪಿಕೊಂಡಿದ್ದಾರೆ. ಬೀಜದ ಸುದ್ದಿ ಹೇಳಲು ಹೊಲದವರೆಗೆ ಬಂದ ವ್ಯವಸ್ಥೆ, ಡಿಗ್ರಿ ಮುಗಿಸಿದವರಿಗೆ ಮುಂದಿನ ದಾರಿ ಹೇಳಲು ಮಾತ್ರ ಕಚೇರಿಯಲ್ಲಿ ಕೂತು ‘ಬಂದು ಕೇಳಿ’ ಎಂದಿತು. ಉದ್ಯೋಗ ಮಾಹಿತಿಗೆ ವಿಸ್ತರಣಾ ವಿಭಾಗ ಯಾಕಿರಬಾರದು ಎಂದು ಯಾರೂ ಕೇಳಲಿಲ್ಲ.

ಎಕ್ಸ್‌ಚೇಂಜಿನ ಕತೆಗೆ ಮರಳಿದರೆ, ಶಿವರಾವ್ ಸಮಿತಿ ಹೇಳಿದ ಕಡ್ಡಾಯದ ಕಾನೂನು 1959ರಲ್ಲಿ ಬಂತು, 1960ರ ಮೇ 1ರಿಂದ ಜಾರಿ. ಸರ್ಕಾರಿ ಕಚೇರಿಗಳು, 25 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳು ಹುದ್ದೆ ಖಾಲಿಯಾದರೆ ಎಕ್ಸ್‌ಚೇಂಜಿಗೆ ತಿಳಿಸಬೇಕು. ಆದರೆ ಕಾನೂನಿನೊಳಗೇ ಇನ್ನೊಂದು ಸಾಲಿದೆ: ತಿಳಿಸಿದ ಮಾತ್ರಕ್ಕೆ ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕಾಗಿಲ್ಲ. ತಿಳಿಸದಿದ್ದರೆ ದಂಡ, ಮೊದಲ ಸಲಕ್ಕೆ 500 ರೂಪಾಯಿಯವರೆಗೆ. ಕೃಷಿ ಕೆಲಸ, ಮನೆಗೆಲಸಗಳು ಕಾನೂನಿನ ವ್ಯಾಪ್ತಿಗೇ ಬರಲಿಲ್ಲ. ಕಾರ್ಡು ಟ್ರಂಕಿನಲ್ಲೇ ಉಳಿದದ್ದು ಯಾಕೆ ಎಂದು ಈಗ ಅರ್ಥವಾಗಿರಬೇಕು.

ಸರ್ಕಾರಿ ಕೆಲಸಗಳಲ್ಲಿ ಮಾತ್ರ ಕಾರ್ಡಿಗೆ ಬಹುಕಾಲ ಬೆಲೆ ಇತ್ತು. ಎಕ್ಸ್‌ಚೇಂಜಿನಿಂದ ಬಂದ ಹೆಸರುಗಳನ್ನಷ್ಟೇ ಪರಿಗಣಿಸಬೇಕು ಎಂಬ ಕೇಂದ್ರ ಸರ್ಕಾರದ ಸೂಚನೆಯನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂಬತ್ತು ವರ್ಷದ ಮೇಲೆ, 1996ರಲ್ಲಿ, ಆಂಧ್ರದ ಅಬಕಾರಿ ಇಲಾಖೆಯ ನೇಮಕಾತಿಯ ಪ್ರಕರಣವೊಂದರಲ್ಲಿ ಅದೇ ಕೋರ್ಟು ಬೇರೆ ಮಾತು ಹೇಳಿತು. ಎಕ್ಸ್‌ಚೇಂಜಿಗೆ ತಿಳಿಸಿ, ಜೊತೆಗೆ ಪತ್ರಿಕೆಯಲ್ಲೂ ಹಾಕಿ, ಕಚೇರಿಯ ನೋಟಿಸ್ ಬೋರ್ಡಿಗೂ ಅಂಟಿಸಿ, ರೇಡಿಯೊ, ಟಿ.ವಿ.ಯಲ್ಲೂ ಹೇಳಿ, ಬಂದ ಅರ್ಜಿಗಳನ್ನೆಲ್ಲ ನೋಡಿ. ಉದ್ಯೋಗದ ಸುದ್ದಿ ಎಲ್ಲರ ಕಿವಿಗೂ ಬೀಳಬೇಕು ಎಂಬುದನ್ನು ಒಂದು ನ್ಯಾಯಾಲಯ ಹೀಗೆ ಹಕ್ಕಿನ ಭಾಷೆಯಲ್ಲಿ ಹೇಳಿದ್ದು ದೊಡ್ಡ ಸಂಗತಿ. ಅದರ ನಂತರ ಕಾರ್ಡಿನ ಬೆಲೆ ಇಳಿಯಿತು, ಪತ್ರಿಕೆಯ ಜಾಹೀರಾತಿನ ಬೆಲೆ ಏರಿತು.

ಅಷ್ಟರಲ್ಲಿ ಕಾಲೇಜುಗಳಿಗೆ ಕ್ಯಾಂಪಸ್ ಸೆಲೆಕ್ಷನ್ ಬಂತು. ಕಂಪನಿಯೇ ಬಾಗಿಲಿಗೆ ಬರುತ್ತದೆ, ಪರೀಕ್ಷೆ ಮಾಡುತ್ತದೆ, ಸಂಜೆಗೆ ಪತ್ರ ಕೊಡುತ್ತದೆ. ಇನ್ಫೋಸಿಸ್ 2004ರಲ್ಲಿ ‘ಕ್ಯಾಂಪಸ್ ಕನೆಕ್ಟ್’ ಎಂದು ಎಂಜಿನಿಯರಿಂಗ್ ಕಾಲೇಜುಗಳ ಪಾಠಕ್ಕೇ ಕೈಜೋಡಿಸಿತು. ಎಂಜಿನಿಯರಿಂಗ್ ಓದಿದ ಹಳ್ಳಿ ಮಕ್ಕಳಿಗೆ ಇದರಿಂದ ಒಳ್ಳೆಯದೇ ಆಗಿದೆ, ಅಲ್ಲಗಳೆಯುವಂತಿಲ್ಲ. ಆದರೆ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ತರಗತಿಗೆ ಯಾವ ಕಂಪನಿ ಬರುತ್ತದೆ?

ಅಂಥ ಕಾಲೇಜುಗಳಲ್ಲೂ ಈಗ ‘ಪ್ಲೇಸ್‌ಮೆಂಟ್ ಸೆಲ್’ ಇದೆ. 2007ರಿಂದ 2012ರ ಹನ್ನೊಂದನೇ ಯೋಜನೆಯಲ್ಲಿ ಯು.ಜಿ.ಸಿ. ಇಂಥ ಘಟಕಗಳಿಗೆ ಹಣ ಕೊಟ್ಟಿತು. ಕಾಲೇಜುಗಳಿಗೆ ಗ್ರೇಡು ಕೊಡುವ, ಬೆಂಗಳೂರಿನಲ್ಲೇ ಇರುವ ನ್ಯಾಕ್ ಸಂಸ್ಥೆ ಕೂಡ ಉದ್ಯೋಗ ಮಾರ್ಗದರ್ಶನದ ಲೆಕ್ಕ ಕೇಳುತ್ತದೆ. ಹಾಗಾಗಿ ಸೆಲ್ ಇರಲೇಬೇಕು. ಮನಸ್ಸಿಟ್ಟು ಮಾಡುವ ಮೇಷ್ಟ್ರು ಸಿಕ್ಕ ಕಡೆ ಅದು ಜೀವಂತವಾಗಿದೆ. ಉಳಿದೆಡೆ ವರ್ಷಕ್ಕೊಂದು ಉಪನ್ಯಾಸ, ಒಂದು ಬ್ಯಾನರು, ನಾಲ್ಕು ಫೋಟೊ, ಒಂದು ಫೈಲು. ಪೂರ್ತಿ ಪಾಠದ ಹೊರೆ ಹೊತ್ತ ಉಪನ್ಯಾಸಕರಿಗೇ ಈ ಕೆಲಸವನ್ನೂ ಹೊರಿಸಿದರೆ ಇನ್ನೇನಾದೀತು? ಶಿವರಾವ್ ಕಾಲದ ರಚನೆಯಲ್ಲಿ ಹುದ್ದೆಗಳನ್ನು ಬಲ್ಲ ಅಧಿಕಾರಿಯೊಬ್ಬರು ಪ್ರೊಫೆಸರ ಪಕ್ಕದಲ್ಲಿ ಇದ್ದರು. ಕಾಲೇಜಿನ ಸೆಲ್‌ಗೆ ಬರುವಾಗ ಆ ಕುರ್ಚಿ ಕಳೆದುಹೋಯಿತು.

ವ್ಯವಸ್ಥೆ ಮಾಡದ್ದನ್ನು ಮಕ್ಕಳೇ ಮಾಡಿಕೊಂಡರು. ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ. ಬಾಡಿಗೆ ಕೋಣೆಗಳು, ಕೋಚಿಂಗ್ ಬೋರ್ಡುಗಳು, ರೀಡಿಂಗ್ ರೂಮುಗಳು, ಜೆರಾಕ್ಸ್ ಅಂಗಡಿಗಳು, ಖಾನಾವಳಿಗಳು. ಪಿ.ಎಸ್.ಐ., ಎಫ್.ಡಿ.ಎ., ಕೆ.ಎ.ಎಸ್. ಎಂದು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ವರ್ಷಗಟ್ಟಲೆ ಅಲ್ಲಿ ಕೂತು ಓದುತ್ತಾರೆ. ಯಾವ ಅಧಿಸೂಚನೆ ಬಂತು, ಯಾವುದಕ್ಕೆ ತಡೆಯಾಜ್ಞೆ ಬಂತು, ಕಟ್ ಆಫ್ ಎಷ್ಟಕ್ಕೆ ನಿಲ್ಲಬಹುದು, ಎಲ್ಲವೂ ಚಹಾದಂಗಡಿಯಲ್ಲಿ ಸಿಗುತ್ತದೆ. ಹಾಸ್ಟೆಲಿನ ಜಗಲಿಯೇ ಒಂದು ಬಡಾವಣೆಯಾಗಿ ಬೆಳೆದಂತೆ. ಆದರೆ ಜಗಲಿ ಪುಕ್ಕಟೆ, ಸಪ್ತಾಪುರಕ್ಕೆ ಬಾಡಿಗೆ ಕೊಡಬೇಕು. ಅಪ್ಪ ಒಂದು ಎಮ್ಮೆ ಮಾರಿದರೆ ಎಷ್ಟು ತಿಂಗಳು ಸಾಗೀತು ಎಂಬ ಲೆಕ್ಕ ಅಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಕೇಳಿಬರುವ ದಾರಿಯೂ ಒಂದೇ, ಸರ್ಕಾರಿ ಪರೀಕ್ಷೆ. ಬೇರೆ ಕೆಲಸಗಳನ್ನೂ ಹೋಗಿ ನೋಡಿ ಬಾ ಎನ್ನುವ ಪಾರ್ಸನ್ಸ್ ಅಲ್ಲಿಲ್ಲ.

ಮತ್ತೆ ಈಗ ಕೈಯಲ್ಲಿ ಫೋನು. 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ನ್ಯಾಷನಲ್ ಕೆರಿಯರ್ ಸರ್ವಿಸ್’ ಜಾಲತಾಣ ತೆರೆಯಿತು. ಎಕ್ಸ್‌ಚೇಂಜಿನ ಸಾಲು ಫೋನಿಗೆ ಬಂತು. 2020ರಲ್ಲಿ ಸಂಸತ್ತು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ 1959ರ ಆ ಹಳೆಯ ಕಾನೂನನ್ನು ಸೇರಿಸಿದ್ದಾರೆ. ಅದರಲ್ಲಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಎಂಬ ಹೆಸರಿನ ಜಾಗದಲ್ಲಿ ‘ಕೆರಿಯರ್ ಸೆಂಟರ್’ ಬಂದಿದೆ. ನಮ್ಮ ರಾಜ್ಯದಲ್ಲಿ 2023ರ ಡಿಸೆಂಬರಿನಲ್ಲಿ ಯುವನಿಧಿ ನೋಂದಣಿ ಶುರುವಾಯಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500.

ಸುದ್ದಿಗೆ ಈಗ ಬರವಿಲ್ಲ, ನೆರೆಯೇ ಬಂದಿದೆ. ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಕ್ಕೆ ಹತ್ತು ನೇಮಕಾತಿ ಸಂದೇಶ. ಯಾವುದು ನಿಜ, ಯಾವುದು ದುಡ್ಡು ಕೀಳುವ ಬಲೆ ಎಂದು ಹೇಳುವವರು ಯಾರು? ಅರ್ಜಿ ಹಾಕುವಾಗ ಗ್ರಾಮೀಣ ಮೀಸಲಾತಿಯ ಕಾಲಂ ಇರುತ್ತದೆ. 1ರಿಂದ 10ನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಗಳಲ್ಲಿ ಪಾಲಿದೆ. ಅದಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ನಿಂತಾಗ ಅದು ಗೊತ್ತಾದರೆ ಏನು ಬಂತು? ಫೋನು ಜಾಹೀರಾತನ್ನು ತಂದುಕೊಡುತ್ತದೆ. ಎದುರಿಗೆ ಕೂತು ನೂರು ಪ್ರಶ್ನೆ ಕೇಳುವ ಮನುಷ್ಯನನ್ನು ತಂದುಕೊಡುವುದಿಲ್ಲ.

ಅಂಥ ಮನುಷ್ಯ ಬಂದು ಕೂರುವುದಾದರೆ ಜಾಗ ಮಾತ್ರ ಸಿದ್ಧವಿದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ‘ಅರಿವು ಕೇಂದ್ರ’ ಎಂದು ಹೆಸರಾಯಿತು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. ಹತ್ತಿರದ ಡಿಗ್ರಿ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ತಿಂಗಳಿಗೊಮ್ಮೆ ಅಲ್ಲಿಗೆ ಬರಲಿ ಎಂದು ಪಂಚಾಯಿತಿ ಒಂದು ಪತ್ರ ಬರೆಯಬಹುದು. ಪಿ.ಡಿ.ಓ. ಅವರಿಗೆ, ಪ್ರಾಂಶುಪಾಲರಿಗೆ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಒಂದೊಂದು ಪ್ರತಿ. ಮುಂದಿನ ಗ್ರಾಮಸಭೆಯಲ್ಲಿ ಕುಡಿಯುವ ನೀರು, ಚರಂಡಿಯ ಮಾತು ಮುಗಿದ ಮೇಲೆ ಇದನ್ನೂ ಎತ್ತಿ. ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿಯರ ಹೆಸರುಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ಸಭೆಯಲ್ಲಿ ಮೊದಲು ಕೇಳುವುದೇ ‘ಎಷ್ಟು ಜನ ಇದ್ದಾರೆ’ ಎಂದು.